ಅಮೆರಿಕದಲ್ಲಿ ಸಾಲಕ್ಕೆ ಮಾಲು ಕೊಡುವ ಮೊದಲು: ಯುಸಿಸಿ ಹಂತ ಹಂತವಾಗಿ

ಅಮೆರಿಕದಲ್ಲಿ ಸಣ್ಣ ವ್ಯಾಪಾರ ನಡೆಸುವ ಓದುಗರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಲೇ ಇರುತ್ತಾರೆ. "ರೆಸ್ಟೋರೆಂಟಿನವರಿಗೆ ಕಂತಿನ ಮೇಲೆ ಮಷಿನ್ ಕೊಟ್ಟಿದ್ದೆ. ಈಗ ಅವರು ಬಾಗಿಲು ಹಾಕಿದ್ದಾರೆ. ನನ್ನ ಮಷಿನ್ ನಾನು ವಾಪಸ್ ತರಬಹುದು, ಅಲ್ವಾ?" ಬಹಳ ಸಲ ಉತ್ತರ "ಇಲ್ಲ" ಎಂದೇ. ಅಷ್ಟು ಹೊತ್ತಿಗೆ ಬ್ಯಾಂಕು ಅದನ್ನು ಎತ್ತಿಕೊಂಡು ಹೋಗಿರುತ್ತದೆ, ಇಲ್ಲವೇ ದಿವಾಳಿಯಾದವರ ಆಸ್ತಿ ನೋಡಿಕೊಳ್ಳುವ ಟ್ರಸ್ಟಿಯ ವಶಕ್ಕೆ ಸೇರಿರುತ್ತದೆ. ನಿಮ್ಮ ದುಡ್ಡಿನ ಮಾಲು ಕಣ್ಣೆದುರಿಗೇ ಇದ್ದರೂ ಮುಟ್ಟುವ ಹಾಗಿಲ್ಲ.

ಇದನ್ನು ತಪ್ಪಿಸಲು ಬೇಕಾಗಿರುವುದು ಸಹಿ ಹಾಕಿದ ಒಂದು ಒಪ್ಪಂದ, ಒಂದು ಸಣ್ಣ ಫಾರಂ, ಸ್ವಲ್ಪ ಫೀಸು. ಆದರೆ ಇವೆಲ್ಲ ಮಾಲು ಗೋಡೌನ್ ಬಿಡುವ ಮೊದಲೇ ಆಗಬೇಕು. ಪರಿಚಯದವರು, ನಮ್ಮ ಕಡೆಯವರು ಎಂದು ಸುಮ್ನೆ ಕೊಟ್ಟು ಕಳಿಸಿದವರೇ ಜಾಸ್ತಿ ಕಳೆದುಕೊಳ್ಳುತ್ತಾರೆ. ಹಾಗಾಗಿ ಈ ವಿಷಯವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಇದು ಯಾವ ಕಾಯ್ದೆ?

ಯೂನಿಫಾರ್ಮ್ ಕಮರ್ಷಿಯಲ್ ಕೋಡ್, ಚಿಕ್ಕದಾಗಿ ಯುಸಿಸಿ. ಭಾರತದ ಸುದ್ದಿಗಳಲ್ಲಿ ಬರುವ ಸಮಾನ ನಾಗರಿಕ ಸಂಹಿತೆಗೂ ಇದಕ್ಕೂ ಸಂಬಂಧವಿಲ್ಲ. ಇದು ಅಮೆರಿಕದ ಕೇಂದ್ರ ಸರ್ಕಾರದ ಕಾನೂನೂ ಅಲ್ಲ. ಅಮೆರಿಕನ್ ಲಾ ಇನ್‌ಸ್ಟಿಟ್ಯೂಟ್ ಮತ್ತು ಯೂನಿಫಾರ್ಮ್ ಲಾ ಕಮಿಷನ್ ಎಂಬ ಎರಡು ಸಂಸ್ಥೆಗಳು ಸೇರಿ ಬರೆದ ಮಾದರಿ ಇದು. ಮೊದಲ ಅಧಿಕೃತ ಪಠ್ಯ ಬಂದದ್ದು 1952ರಲ್ಲಿ. 1953ರಲ್ಲಿ ಪೆನ್ಸಿಲ್ವೇನಿಯಾ ಎಲ್ಲರಿಗಿಂತ ಮೊದಲು ಅದನ್ನು ಕಾನೂನಾಗಿ ಪಾಸು ಮಾಡಿತು. ಈಗ 50 ರಾಜ್ಯಗಳಲ್ಲೂ ಇದೆ. ಲೂಸಿಯಾನಾ ಮಾತ್ರ ಮಾರಾಟದ ಭಾಗವನ್ನು ತೆಗೆದುಕೊಂಡಿಲ್ಲ. ಪ್ರತಿ ರಾಜ್ಯವೂ ಅಲ್ಲಲ್ಲಿ ಸ್ವಲ್ಪ ತಿದ್ದಿಕೊಂಡಿರುವುದರಿಂದ ನಿಮ್ಮ ರಾಜ್ಯದ ಪಠ್ಯವನ್ನೇ ನೋಡಬೇಕು.

ಇದರ ಭಾಗಗಳನ್ನು ಆರ್ಟಿಕಲ್ ಎನ್ನುತ್ತಾರೆ. ನಮಗೆ ಮುಖ್ಯವಾದವು ಆರ್ಟಿಕಲ್ 2, ಅಂದರೆ ಸರಕಿನ ಮಾರಾಟ, ಮತ್ತು ಆರ್ಟಿಕಲ್ 9, ಅಂದರೆ ಸ್ವತ್ತಿನ ಆಧಾರದ ಮೇಲಿನ ಸಾಲ. ಬಾಡಿಗೆಗೆ ಕೊಟ್ಟ ಯಂತ್ರಗಳಿಗೆ 2ಎ, ಚೆಕ್ಕು ಮತ್ತು ಪ್ರಾಮಿಸರಿ ನೋಟಿಗೆ 3 ಮತ್ತು 4, ಲೆಟರ್ ಆಫ್ ಕ್ರೆಡಿಟ್‌ಗೆ, ಅಂದರೆ ಹಣ ಕೊಡುತ್ತೇವೆಂಬ ಬ್ಯಾಂಕಿನ ಭರವಸೆ ಪತ್ರಕ್ಕೆ, 5. ಜಮೀನು, ಮನೆ ಮಾರಾಟ ಇದರೊಳಗೆ ಬರುವುದಿಲ್ಲ. ಬರೀ ಸೇವೆಯ ಒಪ್ಪಂದವೂ ಬರುವುದಿಲ್ಲ. ನಿಮ್ಮದು ಐಟಿ ಕನ್ಸಲ್ಟಿಂಗ್ ಕಂಪನಿಯಾದರೆ ನಿಮ್ಮ ಕೆಲಸದ ಒಪ್ಪಂದಕ್ಕೆ ಆರ್ಟಿಕಲ್ 2 ಅನ್ವಯಿಸುವುದಿಲ್ಲ, ಆದರೆ ವ್ಯಾಪಾರದ ಸಾಮಾನನ್ನು ಆಧಾರವಾಗಿಟ್ಟು ನೀವು ಬ್ಯಾಂಕಿನಲ್ಲಿ ತೆಗೆದ ಸಾಲಕ್ಕೆ ಆರ್ಟಿಕಲ್ 9 ಅನ್ವಯಿಸುತ್ತದೆ.

ಮುಂದಿನ ಹಂತಗಳಿಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ನೀವು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಹೋಟೆಲ್ ಸಾಮಾನು ಮಾರುವವರು. ಅದೇ ಊರಿನ ರೆಸ್ಟೋರೆಂಟ್ ಒಂದಕ್ಕೆ 18,000 ಡಾಲರಿನ ಗ್ರೈಂಡರ್ ಮತ್ತು ಫ್ರೀಜರ್‌ಗಳನ್ನು 24 ತಿಂಗಳ ಕಂತಿನ ಮೇಲೆ ಕೊಡುತ್ತಿದ್ದೀರಿ.

ಹಂತ 1: ಮಾತನ್ನು ಬರಹಕ್ಕೆ ಇಳಿಸಿ

500 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಸರಕಿನ ಮಾರಾಟಕ್ಕೆ ಸಾಮಾನ್ಯವಾಗಿ ಬರಹದ ಪುರಾವೆ ಬೇಕು. ದೊಡ್ಡ ಒಪ್ಪಂದವೇ ಬೇಕಿಲ್ಲ. ಮಾಲು ಯಾವುದು, ಎಷ್ಟು, ಯಾರು ಸಹಿ ಹಾಕಿದರು ಎಂಬುದು ಗೊತ್ತಾದರೆ ಸಾಕು, ಇಮೇಲ್ ಕೂಡ ನಡೆಯುತ್ತದೆ. ಪ್ರಮಾಣ ಬರೆಯುವುದನ್ನು ಮಾತ್ರ ಮರೆಯಬೇಡಿ. ಬೆಲೆ ಬರೆಯದಿದ್ದರೆ ನ್ಯಾಯವಾದ ಬೆಲೆಯನ್ನು ಕಾಯ್ದೆ ತುಂಬಿಕೊಳ್ಳುತ್ತದೆ, ಪ್ರಮಾಣವನ್ನು ತುಂಬುವುದಿಲ್ಲ.

ಇಬ್ಬರೂ ವ್ಯಾಪಾರಿಗಳಾಗಿದ್ದರೆ ಇನ್ನೊಂದು ನಿಯಮವಿದೆ. ಫೋನಿನಲ್ಲಿ ಮಾತಾದ ಮೇಲೆ ಒಬ್ಬರು "ಹೀಗೆ ಒಪ್ಪಿಕೊಂಡಿದ್ದೇವೆ" ಎಂದು ಬರೆದು ಕಳಿಸಿದರು ಅಂತಿಟ್ಟುಕೊಳ್ಳಿ. ಇನ್ನೊಬ್ಬರು 10 ದಿನದೊಳಗೆ ಬರಹದಲ್ಲಿ ಆಕ್ಷೇಪ ಹೇಳದಿದ್ದರೆ, "ಬರಹವೇ ಇರಲಿಲ್ಲ" ಎಂದು ಆಮೇಲೆ ಜಾರಿಕೊಳ್ಳಲು ಆಗುವುದಿಲ್ಲ. ಅದಕ್ಕೇ ಹೇಳುವುದು, ಬಂದ ಇಮೇಲನ್ನು ಓದದೆ ಬಿಡಬೇಡಿ.

ಹಂತ 2: ವಾರಂಟಿಯ ಬಗ್ಗೆ ಮೊದಲೇ ತೀರ್ಮಾನಿಸಿ

ನೀವು ಆ ಸರಕಿನ ವ್ಯಾಪಾರಿಯಾಗಿದ್ದರೆ, ಬಾಯಿಬಿಟ್ಟು ಹೇಳದಿದ್ದರೂ, ಮಾಲು ಅದರ ಮಾಮೂಲಿ ಕೆಲಸಕ್ಕೆ ಬರುತ್ತದೆ ಎಂಬ ಭರವಸೆ ತಾನಾಗಿಯೇ ಸೇರಿಕೊಳ್ಳುತ್ತದೆ. ಇದನ್ನು ಮರ್ಚಂಟಬಿಲಿಟಿ ವಾರಂಟಿ ಎನ್ನುತ್ತಾರೆ. ಬೇಡವೆಂದರೆ ಆ ಪದವನ್ನೇ ಹೆಸರಿಸಿ, ಎದ್ದು ಕಾಣುವ ಅಕ್ಷರದಲ್ಲಿ ತೆಗೆದುಹಾಕಬೇಕು. ಇಲ್ಲವೇ, ಹಳೆಯ ಫ್ರೀಜರ್ ಮಾರುವಾಗ ಮಾಡುವಂತೆ, "ಆ್ಯಸ್ ಈಸ್", ಅಂದರೆ ಇದ್ದ ಸ್ಥಿತಿಯಲ್ಲೇ, ಎಂದು ಬರೆಯಬೇಕು.

ಕೊಳ್ಳುವವರಿಗೂ ಒಂದು ಎಚ್ಚರಿಕೆ. ಮಾಲು ಬಂದ ಕೂಡಲೇ ಬಿಚ್ಚಿ ನೋಡಿ. ದೋಷವಿದ್ದರೆ ತಡಮಾಡದೆ ಬರಹದಲ್ಲಿ ತಿಳಿಸಿ. ಸೂಕ್ತ ಸಮಯದಲ್ಲಿ ತಿಳಿಸದವರಿಗೆ ಪರಿಹಾರದ ಹಕ್ಕೇ ಹೋಗುತ್ತದೆ. ದಾವೆ ಹೂಡಲು ಸಾಮಾನ್ಯವಾಗಿ 4 ವರ್ಷ ಇರುತ್ತದೆ. ಒಪ್ಪಂದದಲ್ಲಿ ಅದನ್ನು 1 ವರ್ಷದವರೆಗೆ ಇಳಿಸಬಹುದು. ಇನ್‌ವಾಯ್ಸಿನ ಹಿಂದುಗಡೆಯ ಸಣ್ಣ ಅಕ್ಷರಗಳಲ್ಲಿ ಇಂಥದ್ದು ಇರುತ್ತದೆ.

ಹಂತ 3: ಸೆಕ್ಯೂರಿಟಿ ಅಗ್ರಿಮೆಂಟ್ ಮಾಡಿಸಿಕೊಳ್ಳಿ

ಕರ್ನಾಟಕದಲ್ಲಿ ಸಾಲದ ಮೇಲೆ ಬೈಕು ತೆಗೆದುಕೊಂಡವರ ಆರ್‌ಸಿ ಪುಸ್ತಕದಲ್ಲಿ ಹೈಪಾಥಿಕೇಷನ್ ಎಂದು ಬ್ಯಾಂಕಿನ ಹೆಸರು ಇರುತ್ತದಲ್ಲ, ಆರ್ಟಿಕಲ್ 9ರ ಸೆಕ್ಯೂರಿಟಿ ಇಂಟರೆಸ್ಟ್ ಹೆಚ್ಚು ಕಡಿಮೆ ಅದೇ. ಗಾಡಿ ನಿಮ್ಮ ಬಳಿ, ಸಾಲ ತೀರುವವರೆಗೆ ಅದರ ಮೇಲೆ ಬ್ಯಾಂಕಿಗೆ ಹಕ್ಕು. ಹೀಗೆ ಆಧಾರವಾಗಿ ಇಟ್ಟ ಸ್ವತ್ತನ್ನು ಕೊಲ್ಯಾಟರಲ್ ಎನ್ನುತ್ತಾರೆ.

ಈ ಹಕ್ಕು ಹುಟ್ಟಲು ಮೂರು ಆಗಬೇಕು. ನೀವು ಏನಾದರೂ ಮೌಲ್ಯ ಕೊಟ್ಟಿರಬೇಕು, ಸಾಲವೋ ಮಾಲೋ. ಸಾಲಗಾರರಿಗೆ ಆ ಸ್ವತ್ತಿನಲ್ಲಿ ಹಕ್ಕಿರಬೇಕು. ಸ್ವತ್ತಿನ ವಿವರ ಇರುವ ಒಪ್ಪಂದಕ್ಕೆ ಸಾಲಗಾರರು ಸಹಿ ಹಾಕಿರಬೇಕು. ವಿವರದಲ್ಲಿ ಕಂಪನಿ, ಮಾಡೆಲ್, ಸೀರಿಯಲ್ ನಂಬರ್ ಬರೆಯಿರಿ. ಈ ಒಪ್ಪಂದದಲ್ಲಿ "ಸಾಲಗಾರರ ಎಲ್ಲ ಆಸ್ತಿ" ಎಂದು ಮೊಗಮ್ಮಾಗಿ ಬರೆದರೆ ಅದು ವಿವರ ಎನಿಸುವುದಿಲ್ಲ.

ಇಲ್ಲಿ ಬಹಳ ಜನ ಮುಗ್ಗರಿಸುತ್ತಾರೆ. ಇನ್‌ವಾಯ್ಸಿನಲ್ಲಿ "ಪೂರ್ತಿ ಹಣ ಬರುವವರೆಗೆ ಮಾಲಿನ ಒಡೆತನ ನಮ್ಮದೇ" ಎಂದು ಬರೆದು ನೆಮ್ಮದಿಯಾಗಿ ಇರುತ್ತಾರೆ. ಯುಸಿಸಿ ಪ್ರಕಾರ ಮಾಲು ಕೊಳ್ಳುವವರ ಕೈ ಸೇರಿದ ಮೇಲೆ ಆ ಸಾಲಿಗೆ ಇರುವುದು ಸೆಕ್ಯೂರಿಟಿ ಇಂಟರೆಸ್ಟಿನ ಬೆಲೆ ಮಾತ್ರ. ಒಡೆತನ ದಾಟಿ ಹೋಗಿರುತ್ತದೆ. ಅದೂ ಕೊಳ್ಳುವವರು ಸಹಿ ಹಾಕಿರಬೇಕು, ಮುಂದೆ ಹೇಳುವ ಫೈಲಿಂಗ್ ಕೂಡ ಆಗಿರಬೇಕು. ಇಲ್ಲದಿದ್ದರೆ ದಿವಾಳಿ ಕೋರ್ಟಿನಲ್ಲಿ ನೀವು ಯಾವ ಆಧಾರವೂ ಇಲ್ಲದೆ ಸಾಲ ಕೊಟ್ಟವರ ಸಾಲಿನಲ್ಲಿ, ಕೊನೆಯಲ್ಲಿ.

ರೆಸ್ಟೋರೆಂಟ್ ಎಲ್‌ಎಲ್‌ಸಿ, ಅಂದರೆ ಸೀಮಿತ ಹೊಣೆಯ ಕಂಪನಿ, ಆಗಿದ್ದರೆ ಮಾಲೀಕರಿಂದ ಪರ್ಸನಲ್ ಗ್ಯಾರಂಟಿಯನ್ನೂ ಬೇರೆಯಾಗಿ ಬರೆಸಿಕೊಳ್ಳಿ. ಎಲ್‌ಎಲ್‌ಸಿಯ ಸಾಲಕ್ಕೆ ಮಾಲೀಕರು ಸ್ವಂತವಾಗಿ ಹೊಣೆಯಲ್ಲ.

ಹಂತ 4: ಎಲ್ಲಿ ಫೈಲ್ ಮಾಡಬೇಕು ಎಂದು ತಿಳಿದುಕೊಳ್ಳಿ

ಒಪ್ಪಂದ ನಿಮ್ಮಿಬ್ಬರ ನಡುವೆ ಸಾಕು. ಮೂರನೆಯವರ ಎದುರು, ಅಂದರೆ ಬ್ಯಾಂಕು, ಸಾಲ ಕೊಟ್ಟ ಬೇರೆಯವರು, ಟ್ರಸ್ಟಿ ಇವರ ಎದುರು ಹಕ್ಕು ನಿಲ್ಲಬೇಕಾದರೆ ಅದನ್ನು ಪರ್ಫೆಕ್ಟ್ ಮಾಡಬೇಕು, ಎಂದರೆ ಊರಿಗೆಲ್ಲ ಗೊತ್ತಾಗುವಂತೆ ದಾಖಲಿಸಬೇಕು. ಅದಕ್ಕೆ ಬಳಸುವ ಫಾರಂ ಯುಸಿಸಿ-1.

ಅದನ್ನು ಸಲ್ಲಿಸುವುದು ಮಾಲು ಇರುವ ರಾಜ್ಯದಲ್ಲಲ್ಲ, ಸಾಲಗಾರರು ಕಾನೂನಿನ ಪ್ರಕಾರ "ಇರುವ" ರಾಜ್ಯದಲ್ಲಿ. ಎಲ್‌ಎಲ್‌ಸಿ ಅಥವಾ ಕಾರ್ಪೊರೇಷನ್ ಆದರೆ ಅದು ನೋಂದಣಿಯಾದ ರಾಜ್ಯ. ನಮ್ಮ ಉದಾಹರಣೆಯ ರೆಸ್ಟೋರೆಂಟ್ ಎಡಿಸನ್‌ನಲ್ಲೇ ಇದ್ದರೂ ಅದರ ಎಲ್‌ಎಲ್‌ಸಿ ಡೆಲವೇರ್‌ನಲ್ಲಿ ನೋಂದಣಿಯಾಗಿದ್ದರೆ ಫೈಲಿಂಗ್ ಡೆಲವೇರ್‌ನಲ್ಲಿ. ಒಬ್ಬ ವ್ಯಕ್ತಿಯೇ ಸ್ವಂತ ಹೆಸರಿನಲ್ಲಿ ನಡೆಸುತ್ತಿದ್ದರೆ ಅವರ ಮುಖ್ಯ ವಾಸದ ಮನೆ ಇರುವ ರಾಜ್ಯ.

ಹೆಚ್ಚಿನ ರಾಜ್ಯಗಳಲ್ಲಿ ಇದು ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯ ಕೆಲಸ. ನ್ಯೂಜೆರ್ಸಿಯಲ್ಲಿ ಖಜಾನೆ ಇಲಾಖೆ, ಸಿಯಾಟಲ್ ಕಡೆಯವರಿಗೆ ವಾಷಿಂಗ್ಟನ್ ರಾಜ್ಯದ ಲೈಸೆನ್ಸಿಂಗ್ ಇಲಾಖೆ ನೋಡಿಕೊಳ್ಳುತ್ತವೆ. ಫುಡ್ ಟ್ರಕ್ಕಿನಂಥ ವಾಹನವಾದರೆ ಯುಸಿಸಿ-1 ಸಾಲದು, ಗಾಡಿಯ ಟೈಟಲ್ ಪತ್ರದಲ್ಲೇ ನಿಮ್ಮ ಹೆಸರು ಸೇರಬೇಕು. ಗೋಡೆಗೋ ನೆಲಕ್ಕೋ ಕಟ್ಟಡದ ಭಾಗವಾಗುವಂತೆ ಕೂರಿಸುವ ಸಾಮಾನಾದರೆ ಕೌಂಟಿಯ ಭೂದಾಖಲೆ ಕಚೇರಿಯಲ್ಲಿ ಫಿಕ್ಸ್ಚರ್ ಫೈಲಿಂಗ್ ಬೇಕಾಗಬಹುದು. ಆಗ ವಕೀಲರ ಮಾತು ಕೇಳಿ.

ಹಂತ 5: ಹೆಸರು. ಇಲ್ಲಿ ಆತುರ ಬೇಡ

ಯುಸಿಸಿ-1ರಲ್ಲಿ ಮುಖ್ಯವಾಗಿ ಇರಬೇಕಾದ್ದು ಸಾಲಗಾರರ ಹೆಸರು, ಸಾಲ ಕೊಟ್ಟವರ ಹೆಸರು, ಸ್ವತ್ತಿನ ಸೂಚನೆ. ಈ ಪೈಕಿ ಸಾಲಗಾರರ ಹೆಸರು ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ಯಾಕೆಂದರೆ ಈ ದಾಖಲೆಗಳನ್ನು ಹುಡುಕುವುದೇ ಸಾಲಗಾರರ ಹೆಸರಿನಿಂದ. ಸರಿಯಾದ ಹೆಸರು ಹಾಕಿ ಕಚೇರಿಯ ಕಂಪ್ಯೂಟರಿನಲ್ಲಿ ಹುಡುಕಿದಾಗ ನಿಮ್ಮ ಫೈಲಿಂಗ್ ಕಾಣದಿದ್ದರೆ, ಅದು ದಾರಿ ತಪ್ಪಿಸುವ ಫೈಲಿಂಗ್ ಎನಿಸಿಕೊಂಡು ಬಿದ್ದುಹೋಗುತ್ತದೆ.

2004ರ ಒಂದು ಪ್ರಕರಣ ನೋಡಿ. ಕ್ಯಾನ್ಸಸ್‌ನ ಒಬ್ಬ ರೈತನಿಗೆ ಸಾಲ ಕೊಟ್ಟಿದ್ದ ಟ್ರ್ಯಾಕ್ಟರ್ ಕಂಪನಿ ಜಾನ್ ಡಿಯರ್, ಫೈಲಿಂಗ್‌ನಲ್ಲಿ ಆತನ ಪೂರ್ಣ ಹೆಸರಿನ ಬದಲು ಎಲ್ಲರೂ ಕರೆಯುವ ಚಿಕ್ಕ ಹೆಸರನ್ನು ಬರೆದಿತ್ತು. ಪೂರ್ಣ ಹೆಸರಿನಲ್ಲಿ ಹುಡುಕಿದಾಗ ಅದು ಸಿಗಲಿಲ್ಲ. ದಿವಾಳಿ ಮೇಲ್ಮನವಿ ಪೀಠದ ಎದುರು ಅಷ್ಟು ದೊಡ್ಡ ಕಂಪನಿ ಸೋತಿತು.

ನಮ್ಮ ಹೆಸರುಗಳಿಗೆ ಈ ಅಪಾಯ ಇನ್ನೂ ಜಾಸ್ತಿ. ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ಮುಂದೆ ನಿಂತಿರುತ್ತವೆ. ಅಮೆರಿಕಕ್ಕೆ ಬಂದ ಮೇಲೆ ಅದೇ ಇನಿಷಿಯಲ್ ಬಿಡಿಸಿಕೊಂಡು ಕೊನೆಯ ಹೆಸರಾಗಿರುತ್ತದೆ, ಇಲ್ಲವೇ ತಂದೆಯ ಹೆಸರೇ ಮನೆತನದ ಹೆಸರಿನ ಜಾಗದಲ್ಲಿ ಕೂತಿರುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಮೊದಲ ಹೆಸರು ಗೊತ್ತಿಲ್ಲ ಎಂಬ ಅರ್ಥದ ಎಫ್‌ಎನ್‌ಯು ಎಂಬ ಅಕ್ಷರಗಳು ಅಂಟಿಕೊಂಡಿರುತ್ತವೆ. ಶಿವಕುಮಾರ, ಲಕ್ಷ್ಮಿ ಇಂಥ ಹೆಸರುಗಳ ಇಂಗ್ಲಿಷ್ ಸ್ಪೆಲಿಂಗು ಒಂದೊಂದು ಕಾಗದದಲ್ಲಿ ಒಂದೊಂದು ಥರ. ವಾಟ್ಸಾಪ್ ಹೆಸರು, ವಿಸಿಟಿಂಗ್ ಕಾರ್ಡಿನ ಹೆಸರು, ಎಲ್ಲರೂ ಕರೆಯುವ ಹೆಸರು ಇವ್ಯಾವುವನ್ನೂ ನಂಬಬೇಡಿ.

ವ್ಯಕ್ತಿಯಾದರೆ ಬಹುತೇಕ ರಾಜ್ಯಗಳಲ್ಲಿ ಅಲ್ಲಿನ, ಅವಧಿ ಮುಗಿಯದ ಡ್ರೈವಿಂಗ್ ಲೈಸೆನ್ಸಿನಲ್ಲಿ ಇದ್ದ ಹಾಗೆಯೇ ಹೆಸರು ಬರೆಯಬೇಕು. 2013ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಿಯಮ ಇದು. ಲೈಸೆನ್ಸಿನ ಪ್ರತಿ ಕೇಳಿ ಪಡೆಯಿರಿ, ಅಕ್ಷರ ಅಕ್ಷರ ನೋಡಿ ತುಂಬಿ. ಅವರು ಲೈಸೆನ್ಸ್ ನವೀಕರಿಸುವಾಗ ಹೆಸರು ತಿದ್ದಿಸಿಕೊಂಡರೆ ನಿಮಗೂ ತಿಳಿಸಬೇಕು ಎಂಬ ಷರತ್ತನ್ನು ಒಪ್ಪಂದದಲ್ಲೇ ಹಾಕಿ.

ಕಂಪನಿಯಾದರೆ ರಾಜ್ಯದಲ್ಲಿ ದಾಖಲಾದ ಸ್ಥಾಪನಾ ಪತ್ರದಲ್ಲಿ ಇದ್ದ ಹಾಗೆ. ರೆಸ್ಟೋರೆಂಟಿನ ಬೋರ್ಡಿನ ಮೇಲಿನ ಹೆಸರು ಒಂದು, ಎಲ್‌ಎಲ್‌ಸಿ ಹೆಸರು ಇನ್ನೊಂದು ಆಗಿರುವುದೇ ಸಾಮಾನ್ಯ. ಬೋರ್ಡಿನ ಹೆಸರಿನಲ್ಲಿ ಮಾತ್ರ ಮಾಡಿದ ಫೈಲಿಂಗ್ ನಿಲ್ಲುವುದಿಲ್ಲ.

ಹಂತ 6: ಮೊದಲು ಹುಡುಕಿ, ಆಮೇಲೆ ಫೈಲ್ ಮಾಡಿ, ಆಮೇಲೆ ಮಾಲು ಕಳಿಸಿ

ಆ ಹೆಸರು ಹಾಕಿ ರಾಜ್ಯದ ವೆಬ್‌ಸೈಟಿನಲ್ಲಿ ಹಳೆಯ ಫೈಲಿಂಗ್ ಇವೆಯಾ ನೋಡಿ. ಬ್ಯಾಂಕು ಈಗಾಗಲೇ "ಎಲ್ಲ ಆಸ್ತಿ" ಎಂದು ಫೈಲ್ ಮಾಡಿರುವುದು ಮಾಮೂಲು. ಸೆಕ್ಯೂರಿಟಿ ಅಗ್ರಿಮೆಂಟಿನಲ್ಲಿ ನಡೆಯದ ಈ ಮಾತು ಯುಸಿಸಿ-1ರಲ್ಲಿ ನಡೆಯುತ್ತದೆ. ಹೀಗೆ ಎಲ್ಲದರ ಮೇಲೂ ಪಡೆದ ಸಾಲದ ಹಕ್ಕನ್ನು ಬ್ಲ್ಯಾಂಕೆಟ್ ಲೀನ್ ಎನ್ನುತ್ತಾರೆ. ಬ್ಯಾಂಕಿನ ಒಪ್ಪಂದದಲ್ಲಿ ಮುಂದೆ ಬರುವ ಸಾಮಾನೂ ಸೇರಿರುತ್ತದೆ. ಅಂದರೆ ನಿಮ್ಮ ಗ್ರೈಂಡರ್ ಅಡುಗೆಮನೆಗೆ ಹೋದ ಕ್ಷಣವೇ ಅದರ ಮೇಲೂ ಬ್ಯಾಂಕಿನ ಹಕ್ಕು ಬಿದ್ದಿತು.

ಮೊದಲು ಫೈಲ್ ಮಾಡಿದವರಿಗೆ ಮೊದಲ ಹಕ್ಕು ಎಂಬುದು ಮೂಲ ನಿಯಮ. ಯಾರು ಹೆಚ್ಚು ಕಷ್ಟಪಟ್ಟರು, ಯಾರಿಗೆ ಹೆಚ್ಚು ನಷ್ಟ ಎಂದು ಯಾರೂ ಕೇಳುವುದಿಲ್ಲ. ಆದರೆ ಮಾರಿದವರಿಗೆ ಒಂದು ದೊಡ್ಡ ವಿನಾಯಿತಿ ಇದೆ. ಅದೇ ಮಾಲಿನ ಬೆಲೆಗಾಗಿ ಕೊಟ್ಟ ಸಾಲಕ್ಕೆ ಪರ್ಚೇಸ್ ಮನಿ ಹಕ್ಕು ಎಂಬ ಮೇಲ್ಮೆ ಸಿಗುತ್ತದೆ. ಗ್ರೈಂಡರಿನಂಥ ಉಪಕರಣವಾದರೆ ಅದು ಕೊಂಡವರ ಕೈ ಸೇರಿದ 20 ದಿನದೊಳಗೆ ಫೈಲ್ ಮಾಡಿದರೆ, ಮೊದಲೇ ಇದ್ದ ಬ್ಯಾಂಕಿಗಿಂತಲೂ ನೀವೇ ಮುಂದೆ. 21ನೇ ದಿನ ಮಾಡಿದರೆ ಹಿಂದೆ. ನನ್ನ ಸಲಹೆ, ಈ 20 ದಿನವನ್ನು ನಂಬಿಕೊಂಡು ಕೂರಬೇಡಿ. ಸಾಲಗಾರರ ಲಿಖಿತ ಒಪ್ಪಿಗೆ ಇದ್ದರೆ ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಫೈಲ್ ಮಾಡಬಹುದು.

ಮರುಮಾರಾಟಕ್ಕೆ ಕೊಡುವ ಮಾಲು, ಉದಾಹರಣೆಗೆ ಕಿರಾಣಿ ಅಂಗಡಿಗೆ ಹಾಕುವ ಅಕ್ಕಿ, ಉಪ್ಪಿನಕಾಯಿ ಆದರೆ ನಿಯಮ ಇನ್ನೂ ಬಿಗಿ. 20 ದಿನದ ರಿಯಾಯಿತಿ ಇಲ್ಲ. ಮಾಲು ಅಂಗಡಿ ಸೇರುವ ಮೊದಲೇ ಫೈಲ್ ಆಗಿರಬೇಕು, ಹಿಂದೆ ಫೈಲ್ ಮಾಡಿದ ಬ್ಯಾಂಕಿಗೆ ನಿಮ್ಮ ಬರಹದ ನೋಟಿಸು ತಲುಪಿರಬೇಕು. ಒಂದು ನೋಟಿಸು ಐದು ವರ್ಷ ನಡೆಯುತ್ತದೆ. ಇಷ್ಟೆಲ್ಲ ಮಾಡಿದರೂ ಗಿರಾಕಿ ಮಾಮೂಲಿಯಾಗಿ ಕೊಂಡುಹೋದ ಅಕ್ಕಿ ಮೂಟೆಯ ಮೇಲೆ ನಿಮ್ಮ ಹಕ್ಕು ಉಳಿಯುವುದಿಲ್ಲ. ಹಾಗಾಗಿ ಸಣ್ಣ ಮೊತ್ತದ ಕಿರಾಣಿ ಸರಬರಾಜಿಗೆ ಸಾಲದ ಮಿತಿ ಕಡಿಮೆ ಇಟ್ಟು, ಗ್ಯಾರಂಟಿ ಪಡೆಯುವುದೇ ವಾಸಿ ಎನ್ನುವುದು ನನ್ನ ಅಭಿಪ್ರಾಯ.

ಹಂತ 7: ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಯುಸಿಸಿ-1ರ ಆಯುಸ್ಸು 5 ವರ್ಷ. ಮುಂದುವರಿಸಬೇಕಾದರೆ ಅವಧಿ ಮುಗಿಯುವ ಮೊದಲಿನ 6 ತಿಂಗಳಲ್ಲೇ ಯುಸಿಸಿ-3 ಎಂಬ ಫಾರಂ ಸಲ್ಲಿಸಬೇಕು. ಅದಕ್ಕಿಂತ ಮುಂಚೆ ಸಲ್ಲಿಸಿದರೂ ಲೆಕ್ಕಕ್ಕಿಲ್ಲ, ತಡವಾದರೂ ಲೆಕ್ಕಕ್ಕಿಲ್ಲ. ಸಾಲಗಾರರ ಹೆಸರು ಹುಡುಕಾಟಕ್ಕೆ ಸಿಗದಷ್ಟು ಬದಲಾದರೆ, ಅಥವಾ ಅವರು ಬೇರೆ ರಾಜ್ಯಕ್ಕೆ ಹೋದರೆ, 4 ತಿಂಗಳೊಳಗೆ ಸರಿಪಡಿಸಿಕೊಳ್ಳಬೇಕು.

ರದ್ದು ಮಾಡುವುದಕ್ಕೂ ಇದೇ ಯುಸಿಸಿ-3. ಆದ್ದರಿಂದ ಸಲ್ಲಿಸುವ ಮುಂಚೆ ಫೈಲ್ ನಂಬರನ್ನು ಇನ್ನೊಬ್ಬರಿಂದ ಓದಿಸಿ. 2008ರಲ್ಲಿ ಜನರಲ್ ಮೋಟರ್ಸ್ ಕಂಪನಿಯ ಒಂದು ಬೇರೆ ವ್ಯವಹಾರ ಮುಗಿಸುವಾಗ, ಸುಮಾರು 150 ಕೋಟಿ ಡಾಲರ್ ಸಾಲಕ್ಕೆ ಆಧಾರವಾಗಿದ್ದ ಮುಖ್ಯ ಫೈಲಿಂಗನ್ನೂ ಅಚಾತುರ್ಯದಿಂದ ರದ್ದುಪಟ್ಟಿಗೆ ಸೇರಿಸಿಬಿಟ್ಟರು. ವಕೀಲರು, ಬ್ಯಾಂಕಿನವರು ಯಾರ ಕಣ್ಣಿಗೂ ಬೀಳಲಿಲ್ಲ. ಸಾಲ ಕೊಟ್ಟವರ ಪರ ಇದ್ದ ಜೆಪಿ ಮೋರ್ಗನ್ "ನಮಗೆ ಆ ಉದ್ದೇಶವೇ ಇರಲಿಲ್ಲ" ಎಂದು ವಾದಿಸಿತು. ದಾಖಲೆ ಸಲ್ಲಿಸಲು ನೀವೇ ಒಪ್ಪಿದ್ದೀರಿ, ಆದ್ದರಿಂದ ರದ್ದು ಊರ್ಜಿತ ಎಂದು 2015ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿತು.

ಹಂತ 8: ಕಂತು ನಿಂತಾಗ

ಒಪ್ಪಂದದ ಪ್ರಕಾರ ಬಾಕಿಯಾದ ಮೇಲೆ, ಕೋರ್ಟಿಗೆ ಹೋಗದೆಯೇ ಮಾಲು ವಾಪಸ್ ತರಲು ಆರ್ಟಿಕಲ್ 9 ಬಿಡುತ್ತದೆ. ಆದರೆ ಶಾಂತಿಭಂಗ ಆಗಕೂಡದು. ಬೀಗ ಒಡೆಯುವುದು, ಬೆದರಿಸುವುದು, ಮಾಲೀಕರು ಎದುರು ನಿಂತು "ಬೇಡ" ಎಂದರೂ ನುಗ್ಗುವುದು ಇವೆಲ್ಲ ನಿಮ್ಮ ಮೇಲೇ ಪರಿಹಾರದ ದಾವೆ ತರಬಲ್ಲವು. ಬೇಡ ಎಂದರೆ ಹಿಂದೆ ಸರಿದು ಕೋರ್ಟಿಗೆ ಹೋಗಿ.

ತಂದ ಮಾಲನ್ನು ಮಾರುವ ಮೊದಲು ಸಾಲಗಾರರಿಗೆ, ಗ್ಯಾರಂಟಿ ಕೊಟ್ಟವರಿಗೆ ನೋಟಿಸು ಕೊಡಬೇಕು. ವ್ಯಾಪಾರದ ಸಾಲವಾದರೆ 10 ದಿನದ ನೋಟಿಸು ಸಾಕೆಂದು ಕಾಯ್ದೆಯೇ ಹೇಳುತ್ತದೆ. ಮಾರುವ ರೀತಿ ವ್ಯಾಪಾರದ ಮರ್ಯಾದೆಗೆ ತಕ್ಕಂತಿರಬೇಕು. ನೆಂಟರಿಗೆ ಮೂರು ಕಾಸಿಗೆ ಮಾರಿ ಉಳಿದ ಬಾಕಿ ಕೇಳಿದರೆ ನಡೆಯುವುದಿಲ್ಲ. ಸಾಲ, ಖರ್ಚು ಕಳೆದು ಹಣ ಮಿಕ್ಕಿದರೆ ಅದು ಸಾಲಗಾರರಿಗೆ ಸೇರಬೇಕು. ಕಡಿಮೆ ಬಿದ್ದರೆ ಅವರಿಂದ ವಸೂಲಿ ಮಾಡಬಹುದು.

ಅವರು ದಿವಾಳಿ ಅರ್ಜಿ ಹಾಕಿದ ಸುದ್ದಿ ಬಂದರೆ ಎಲ್ಲವನ್ನೂ ಅಲ್ಲಿಗೇ ನಿಲ್ಲಿಸಿ. ಆ ಕ್ಷಣದಿಂದ ವಸೂಲಿಗೆ ತಡೆ ಇರುತ್ತದೆ, ಬಾಕಿ ಕೇಳಿ ಫೋನು ಮಾಡುವುದೂ ತಪ್ಪಾಗುತ್ತದೆ. ಫೈಲಿಂಗ್ ಮಾಡದೆ ಸಾಲಕ್ಕೆ ಕೊಟ್ಟವರೂ ಕೂಡಲೇ ವಕೀಲರನ್ನು ಕಾಣಬೇಕು. ದಿವಾಳಿ ಅರ್ಜಿಯ ಹಿಂದಿನ 20 ದಿನದಲ್ಲಿ ಅವರ ವ್ಯಾಪಾರಕ್ಕೆ ಕೊಟ್ಟ ಮಾಲಿನ ಬೆಲೆಗೆ ದಿವಾಳಿ ಕಾಯ್ದೆಯಲ್ಲಿ ವಿಶೇಷ ಆದ್ಯತೆ ಇದೆ.

ನೀವೇ ಸಾಲಗಾರರಾಗಿದ್ದರೆ, ಅಥವಾ ಅಂಗಡಿ ಕೊಳ್ಳುತ್ತಿದ್ದರೆ

ಸಾಲ ತೀರಿತು ಎಂದ ಮಾತ್ರಕ್ಕೆ ಫೈಲಿಂಗ್ ತಾನಾಗಿ ಅಳಿಸಿಹೋಗುವುದಿಲ್ಲ. ತೀರಿದ ಮೇಲೆ ಸಾಲ ಕೊಟ್ಟವರಿಗೆ ಬರಹದಲ್ಲಿ ಕೇಳಿ. 20 ದಿನದೊಳಗೆ ಅವರು ರದ್ದತಿ ದಾಖಲಿಸಬೇಕು ಅಥವಾ ನಿಮಗೆ ಕಳಿಸಬೇಕು. ಮಾಡದಿದ್ದರೆ 500 ಡಾಲರ್ ಮತ್ತು ಆದ ನಷ್ಟ ಕೇಳುವ ಹಕ್ಕು ನಿಮಗಿದೆ. ಹೊಸ ಸಾಲಕ್ಕೆ ಹೋದಾಗ ಹಳೆಯ ಫೈಲಿಂಗ್ ಅಡ್ಡ ಬಂದು ಒದ್ದಾಡುವವರು ಬಹಳ ಮಂದಿ. ಇನ್ನೊಂದು ವಿಷಯ. ನಿಮ್ಮ ಮೇಲೆ ಯುಸಿಸಿ-1 ದಾಖಲಾದ ಕೆಲವೇ ದಿನಕ್ಕೆ ಸರ್ಕಾರಿ ಕಾಗದದಂತೆ ಕಾಣುವ ಪತ್ರ ಬರಬಹುದು, ದಾಖಲೆಯ ಪ್ರತಿಗೆ ಇಷ್ಟು ಕಟ್ಟಿ ಎಂದು. ಅದು ಖಾಸಗಿಯವರ ಹಣ ಮಾಡುವ ದಾರಿ. ಕಟ್ಟಬೇಕಿಲ್ಲ.

ನಡೆಯುತ್ತಿರುವ ಅಂಗಡಿ ಕೊಳ್ಳುವವರು ಮುಂಗಡ ಕೊಡುವ ಮೊದಲೇ ಹಂತ 4, 5, 6ರಂತೆ ಹುಡುಕಿ. ಮಾರುವವರ ಸಾಲದ ಹಕ್ಕು ಫ್ರಿಜ್, ಓವನ್ನುಗಳ ಜೊತೆಗೇ ನಿಮ್ಮ ಕೈಗೂ ಬರುತ್ತದೆ. ಕೋವಿಡ್ ಕಾಲದಲ್ಲಿ ಸಣ್ಣ ವ್ಯಾಪಾರಗಳ ಕೇಂದ್ರ ಸರ್ಕಾರಿ ಸಂಸ್ಥೆ ಎಸ್‌ಬಿಎ ಕೊಟ್ಟ ಇಐಡಿಎಲ್ ಎಂಬ ವಿಪತ್ತು ಸಾಲ 25,000 ಡಾಲರಿಗಿಂತ ಜಾಸ್ತಿಯಿದ್ದರೆ ವ್ಯಾಪಾರದ ಆಸ್ತಿಯ ಮೇಲೆ ಆಧಾರ ಪಡೆದಿರುತ್ತದೆ. ಅದನ್ನು ಮಾರುವವರು ಹೇಳಲು ಮರೆಯಬಹುದು. ತೆರಿಗೆ ಬಾಕಿಯ ಲೀನ್ ಯುಸಿಸಿಯಲ್ಲ, ಬೇರೆಯಾಗಿ ಹುಡುಕಿ. ನ್ಯೂಜೆರ್ಸಿಯಲ್ಲಿ ವ್ಯಾಪಾರದ ಆಸ್ತಿ ಕೊಳ್ಳುವ ಕನಿಷ್ಠ 10 ಕೆಲಸದ ದಿನ ಮೊದಲು ತೆರಿಗೆ ವಿಭಾಗಕ್ಕೆ ತಿಳಿಸದಿದ್ದರೆ ಮಾರಿದವರ ತೆರಿಗೆ ಬಾಕಿ ನಿಮ್ಮ ತಲೆಗೆ ಬರಬಹುದು.

ಕರ್ನಾಟಕದಿಂದ ರಫ್ತು ಮಾಡುವವರಿಗೆ

ಚನ್ನಪಟ್ಟಣದ ಗೊಂಬೆ, ಕೊಡಗಿನ ಕಾಫಿ, ಮೈಸೂರಿನ ಅಗರಬತ್ತಿ ಕಳಿಸುವವರೂ ಇದನ್ನು ಕೇಳುತ್ತಾರೆ. ಅಂತರರಾಷ್ಟ್ರೀಯ ಸರಕು ಮಾರಾಟಕ್ಕೆ ವಿಶ್ವಸಂಸ್ಥೆಯ ಒಂದು ಒಪ್ಪಂದವಿದೆ, ಸಿಐಎಸ್‌ಜಿ ಎಂದು. ಅಮೆರಿಕ ಅದರಲ್ಲಿದೆ, ಭಾರತ ಸೇರಿಲ್ಲ. ಆದ್ದರಿಂದ ಬೆಂಗಳೂರಿನ ಮಾರಾಟಗಾರ ಮತ್ತು ಷಿಕಾಗೋದ ಖರೀದಿದಾರನ ನಡುವೆ ಅಮೆರಿಕದ ಕೋರ್ಟು ಅದನ್ನು ಅನ್ವಯಿಸುವುದಿಲ್ಲ. ಯಾವ ಕಾನೂನು ಎಂದು ಒಪ್ಪಂದದಲ್ಲೇ ಬರೆಯಿರಿ. ಇಲಿನಾಯ್ ಕಾನೂನು ಎಂದು ಬರೆದರೆ ಆ ರಾಜ್ಯದ ಯುಸಿಸಿ, ಭಾರತದ್ದು ಎಂದರೆ 1930ರ ಸರಕು ಮಾರಾಟ ಕಾಯ್ದೆ. ಬರೆಯದೆ ಬಿಟ್ಟರೆ ಮೊದಲ ಜಗಳವೇ ಯಾವ ಕಾನೂನು ಎಂಬುದರ ಮೇಲೆ ಶುರುವಾಗುತ್ತದೆ.

ಹೊಸ ಖರೀದಿದಾರರಾದರೆ ಲೆಟರ್ ಆಫ್ ಕ್ರೆಡಿಟ್, ಚಿಕ್ಕದಾಗಿ ಎಲ್‌ಸಿ, ಕೇಳಿ. ದಾಖಲೆ ಸರಿಯಿದ್ದರೆ ಹಣ ಕೊಡುವ ಹೊಣೆಯನ್ನು ಖರೀದಿದಾರರ ಬ್ಯಾಂಕು ತನ್ನ ಮೇಲೆ ತೆಗೆದುಕೊಳ್ಳುತ್ತದೆ. ಬ್ಯಾಂಕು ನೋಡುವುದು ಕಾಗದವನ್ನು, ಮಾಲನ್ನಲ್ಲ. ಇನ್‌ವಾಯ್ಸ್ ಮತ್ತು ಹಡಗು ಕಂಪನಿ ಕೊಡುವ ಸಾಗಣೆ ರಸೀದಿಯಾದ ಬಿಲ್ ಆಫ್ ಲೇಡಿಂಗ್‌ನಲ್ಲಿ ಸರಕಿನ ವಿವರ, ದಿನಾಂಕ, ಹೆಸರು ಎಲ್‌ಸಿಯಲ್ಲಿ ಇದ್ದ ಹಾಗೆ ಇಲ್ಲದಿದ್ದರೆ ಹಣ ನಿಲ್ಲಿಸುತ್ತದೆ. ಎಲ್‌ಸಿ ಕೈಗೆ ಬಂದ ದಿನವೇ ಕೂತು ಓದಿ, ನಿಮ್ಮಿಂದ ಪೂರೈಸಲಾಗದ ಷರತ್ತು ಇದ್ದರೆ ಮಾಲು ಹಡಗು ಹತ್ತುವ ಮೊದಲೇ ತಿದ್ದುಪಡಿ ಕೇಳಿ.